ದೇಹದಾರ್ಢ್ಯದ ಊಟಕ್ಕೆ ಕ್ಯಾಲೊರಿ ಲೆಕ್ಕ ಬೇಕೆ?

ಪರ

ಮನೆಯ ಊಟವನ್ನೇ ಉಣ್ಣುವವನಿಗೆ ಲೆಕ್ಕವೇಕೆ ಎಂಬ ಮಾತನ್ನು ಹಾಸನದ ಜಿಮ್‌ಗಳಲ್ಲಿ ಆಗಾಗ ಕೇಳುತ್ತೇವೆ. ಮನೆಯ ಊಟ ಒಳ್ಳೆಯದೆಂಬುದರಲ್ಲಿ ತಕರಾರಿಲ್ಲ. ಆದರೆ ಸ್ನಾಯು ಬೆಳೆಯಲು ಅದು ಸಾಕೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ನಾಲಿಗೆಯಿಂದ ಉತ್ತರ ಸಿಗುವುದಿಲ್ಲ.

ಮುದ್ದೆಯನ್ನೇ ತೆಗೆದುಕೊಳ್ಳೋಣ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿಯೂ 7 ಗ್ರಾಂ ಪ್ರೋಟೀನೂ ಇರುತ್ತವೆ. 200 ಗ್ರಾಂ ಹಿಟ್ಟಿನಲ್ಲಿ ಕಟ್ಟಿದ ಎರಡು ಮುದ್ದೆಯನ್ನು, ತನ್ನ ಪಾಲಿಗೆ 30 ಗ್ರಾಂ ಹುರುಳಿಕಾಳು ಬಂದ ಸಾರಿನೊಂದಿಗೆ ಉಂಡವನಿಗೆ ದಕ್ಕುವ ಪ್ರೋಟೀನ್ 20 ಗ್ರಾಂನ ಆಸುಪಾಸು. ಮೂರು ಹೊತ್ತು ಹೀಗೆಯೇ ಉಂಡರೆ ಕ್ಯಾಲೊರಿ 2000 ದಾಟುತ್ತದೆ, ಪ್ರೋಟೀನ್ ಮಾತ್ರ 60ರ ಸುತ್ತಲೇ ಉಳಿಯುತ್ತದೆ. ಭಾರ ಎತ್ತಿ ಮೈ ಬೆಳೆಸುವವರಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕೆಂಬುದು ಈಗ ಹೆಚ್ಚಿನವರು ಒಪ್ಪುವ ಅಳತೆ. 70 ಕಿಲೋ ತೂಕದವನಿಗೆ ಅದು 112 ಗ್ರಾಂ ಆಗುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿಯೂ ತೋಳು ತುಂಬಲಿಲ್ಲವೆಂದು ಕೊರಗುವವನು ಒಂದು ವಾರ ಬರೆದಿಟ್ಟು ನೋಡಿದ್ದರೆ, ಒಂದು ಮುದ್ದೆ ಇಳಿಸಿ ಮೂರು ಮೊಟ್ಟೆ ಏರಿಸಬೇಕೆಂಬುದು ಅವನಿಗೇ ಹೊಳೆಯುತ್ತಿತ್ತು.

ಕೊಬ್ಬು ಇಳಿಸುವ ಕಟಿಂಗ್ ದಿನಗಳಲ್ಲಂತೂ ಒಳ್ಳೆಯ ಪದಾರ್ಥವೇ ಮೋಸ ಮಾಡುತ್ತದೆ. ಅರಸೀಕೆರೆಯ ಕೊಬ್ಬರಿ ಎಷ್ಟೇ ಶುದ್ಧವಾಗಿರಲಿ, ಅದರ 100 ಗ್ರಾಂನಲ್ಲಿ 650ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿಯಾಗುತ್ತದೆ. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಪೋಷಣಾಶಾಸ್ತ್ರದ ಪ್ರಾಧ್ಯಾಪಕ ಮಾರ್ಕ್ ಹಾಬ್ 2010ರಲ್ಲಿ ಬಹುತೇಕ ಕ್ರೀಮ್ ಕೇಕುಗಳಂಥ ತಿಂಡಿಗಳನ್ನೇ ತಿಂದು, ಕ್ಯಾಲೊರಿಯನ್ನು ಮಾತ್ರ ದಿನಕ್ಕೆ 1800ರೊಳಗೆ ಹಿಡಿದು, 10 ವಾರಗಳಲ್ಲಿ ಸುಮಾರು 12 ಕಿಲೋ ತೂಕ ಇಳಿಸಿದ್ದರು.

ವಿರೋಧ

ಹಾಬ್ ಅವರ ಕಥೆಯನ್ನು ಹೇಳುವವರು ಅವರು ದಿನವೂ ಪ್ರೋಟೀನ್ ಶೇಕ್, ವಿಟಮಿನ್ ಮಾತ್ರೆ ಮತ್ತು ಒಂದಿಷ್ಟು ತರಕಾರಿಯನ್ನೂ ಸೇವಿಸುತ್ತಿದ್ದರೆಂಬುದನ್ನು ಮರೆತುಬಿಡುತ್ತಾರೆ. ಅದಿರಲಿ, ತಕ್ಕಡಿಯ ಮುಳ್ಳು ಇಳಿಸುವುದು ದೇಹದಾರ್ಢ್ಯ ಪಟುವಿನ ಕೆಲಸವೂ ಅಲ್ಲ.

ನನ್ನ ಮುಖ್ಯ ಆಕ್ಷೇಪ ಲೆಕ್ಕದ ಮೇಲಲ್ಲ, ಅದರ ಮೇಲಿಡುವ ಅತಿಯಾದ ನಂಬಿಕೆಯ ಮೇಲೆ. ಪ್ರೋಟೀನಿಗೂ ಪಿಷ್ಟಕ್ಕೂ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9 ಎಂಬ ಸೂತ್ರ 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಕಂಡುಕೊಂಡ ಸರಾಸರಿ. ಆ ಸೂತ್ರದ ಪ್ರಕಾರ 28 ಗ್ರಾಂ ಬಾದಾಮಿಗೆ 170 ಕ್ಯಾಲೊರಿಯಷ್ಟು ಬರುತ್ತದೆ, ಆದರೆ 2012ರಲ್ಲಿ ತಿಂದವರ ದೇಹಕ್ಕೆ ದಕ್ಕಿದ್ದನ್ನು ಅಳೆದು ನೋಡಿದಾಗ ಸಿಕ್ಕಿದ್ದು 130ರ ಹತ್ತಿರ. ಜೀವಕೋಶದ ಗೋಡೆಯೊಳಗೆ ಸಿಕ್ಕಿಬಿದ್ದ ಕೊಬ್ಬು ಜೀರ್ಣವಾಗದೆ ಹೊರಟುಹೋಗುತ್ತದೆ. ಜೊತೆಗೆ ಪ್ರೋಟೀನಿನ ಶಕ್ತಿಯಲ್ಲಿ 20ರಿಂದ 30ರಷ್ಟು ಶೇಕಡಾ ಅದನ್ನು ಅರಗಿಸಲಿಕ್ಕೇ ಖರ್ಚಾಗುತ್ತದೆ.

ಇನ್ನು ಅಡುಗೆಮನೆಗೆ ಬರೋಣ. ಐದು ಜನರಿಗೆ ಒಂದೇ ಪಾತ್ರೆಯಲ್ಲಿ ಕುದಿದ ಹಿತಕಿದ ಅವರೆಬೇಳೆಯ ಸಾರಿನಲ್ಲಿ ನನ್ನ ತಟ್ಟೆಗೆ ಬಿದ್ದ ಬೇಳೆ ಎಷ್ಟು, ತೇಲಿದ ಎಣ್ಣೆ ಎಷ್ಟು? ಮುದ್ದೆ ಕುಡಿದ ನೀರು ಎಷ್ಟು? ಉತ್ತರ ಸಿಗದಿದ್ದಾಗ ಹುಡುಗರು ಮಾಡುವುದು ಒಂದೇ: ಲೇಬಲ್ ಅಂಟಿಸಿದ ಪೊಟ್ಟಣದ ತಿಂಡಿಗೆ ತಿರುಗುವುದು, ಏಕೆಂದರೆ ಅದರ ಅಂಕಿಯನ್ನು ಮೊಬೈಲಿಗೆ ತುಂಬುವುದು ಸುಲಭ. ಪಿತೃಪಕ್ಷದ ಎಡೆಯ ಮುಂದೆ ಕುಳಿತು ಮೊಬೈಲ್ ತೆಗೆದವನನ್ನೂ ನಾನು ಕಂಡಿದ್ದೇನೆ. ಅಜ್ಜಿ ಏನೆಂದರು ಎಂಬುದನ್ನು ಇಲ್ಲಿ ಬರೆಯಲಾಗದು.

ಪೊಟ್ಟಣದ ತಿಂಡಿ ಲೆಕ್ಕವನ್ನೇ ಕೆಡಿಸುತ್ತದೆ ಎಂಬುದು ಇದರಲ್ಲಿನ ಸೋಜಿಗ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಟ್ಟಿತು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಸರಿಸಮವಿದ್ದರೂ ಸಿದ್ಧ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹುರುಳಿ, ಮೊಟ್ಟೆ, ಸೊಪ್ಪು ತಿಂದವನ ಹೊಟ್ಟೆ ತಾನೇ ಸಾಕೆನ್ನುತ್ತದೆ.

ಪ್ರೋಟೀನಿನ ಕೊರತೆಯ ಮಾತು ನಿಜ, ಅದನ್ನು ಒಪ್ಪುತ್ತೇನೆ. ಆದರೆ ಅದನ್ನು ತುಂಬಲು ಪ್ರತಿ ತುತ್ತನ್ನೂ ತೂಗಬೇಕಿಲ್ಲ. ಸಾರಿಗೆ ಕಾಳನ್ನು ಎರಡರಷ್ಟು ಹಾಕಿ, ಜೊತೆಗೊಂದು ಲೋಟ ಹಾಲು, ನಾಲ್ಕು ಮೊಟ್ಟೆ ಇಟ್ಟುಕೊಂಡರೆ ಕೊರತೆಯ ಬಹುಪಾಲು ತುಂಬುತ್ತದೆ. ವೇದಿಕೆ ಏರುವ ಮುಂಚಿನ ಎಂಟು ಹತ್ತು ವಾರ ತಕ್ಕಡಿ ಹಿಡಿಯಲಿ. ಸ್ಪರ್ಧೆಗೆ ಹೆಸರನ್ನೇ ಕೊಡದವನು ತೂಗುತ್ತ ಕೂರುವ ಹೊತ್ತಿನಲ್ಲಿ ನಿದ್ದೆ ಮಾಡಿದರೆ ಸ್ನಾಯುವಿಗೆ ಹೆಚ್ಚು ಲಾಭ.