ಇದೆಯಾ?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು ಟಿಣ್ ಅಂತು. ಅಷ್ಟು ಹೊತ್ತಲ್ಲಿ ಮೆಸೇಜ್ ಬಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಅಂತಲೇ ಎದೆ ಹೊಡೆದುಕೊಳ್ಳುತ್ತೆ. ತಡಕಾಡಿ ಕನ್ನಡಕ ಹಾಕಿಕೊಂಡು ನೋಡಿದೆ. ಮೂರೇ ಅಕ್ಷರ. "ಇದೆಯಾ?"

ಇದೆ ಸ್ವಾಮಿ. ಎರಡು ತಿಂಗಳಿಂದ ಇದೆ. ಇರೋದಕ್ಕೇ ಅಲ್ವಾ ಜಾಹೀರಾತು ಇನ್ನೂ ತೆಗೆದಿಲ್ಲ?

ನಮ್ಮ ಮನೆಯ ಹಳೇ ಗ್ರೈಂಡರನ್ನು ಆನ್‌ಲೈನಲ್ಲಿ ಮಾರಾಟಕ್ಕೆ ಇಟ್ಟಿದ್ದೇನೆ. 1998ರಲ್ಲಿ ಅಮ್ಮ ಚೀಟಿ ದುಡ್ಡಲ್ಲಿ ತಗೊಂಡ ಕೊಯಮತ್ತೂರು ಗ್ರೈಂಡರ್ ಅದು. ಈಗಿನ ಹಾಗೆ ಕಟ್ಟೆ ಮೇಲೆ ಕೂರುವ ಜಾತಿಯದಲ್ಲ. ನೆಲದ ಮೇಲೆ ನಿಂತರೆ ಸೊಂಟದವರೆಗೆ ಬರುತ್ತೆ. ಎತ್ತೋಕೆ ಇಬ್ಬರು ಬೇಕು, ಮೆಟ್ಟಿಲು ಇಳಿಸೋಕೆ ಮೂವರು. ಮನೆಗೆ ಹೊಸ ಪುಟ್ಟ ಗ್ರೈಂಡರ್ ಬಂದ ಮೇಲೆ ಇದು ಯುಟಿಲಿಟಿಯ ಮೂಲೆ ಸೇರಿ, ತಲೆ ಮೇಲೆ ಈರುಳ್ಳಿ ಬುಟ್ಟಿ ಹೊತ್ತುಕೊಂಡು ನಿಂತಿತ್ತು. "ಈರುಳ್ಳಿ ಬುಟ್ಟಿಗೆ ಇಷ್ಟು ದೊಡ್ಡ ಸ್ಟ್ಯಾಂಡ್ ಬೇಕೇನ್ರೀ?" ಅಂತ ನನ್ನ ಹೆಂಡತಿ ಕೇಳಿದ ದಿನವೇ ನಾನು ವ್ಯಾಪಾರಸ್ಥನಾದೆ.

ನಾಲ್ಕು ಫೋಟೋ ಹಾಕಿದೆ. "ಚೆನ್ನಾಗಿ ಓಡುತ್ತೆ. 3000 ರೂಪಾಯಿ. ಬನಶಂಕರಿ. ಎರಡನೇ ಮಹಡಿ, ಲಿಫ್ಟ್ ಇಲ್ಲ" ಅಂತ ಉಳ್ಳದ್ದು ಉಳ್ಳಂಗೆ ಬರೆದೆ. ನಮ್ಮ ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಇರುವ ಹಾಗೆ ಕೊಯಮತ್ತೂರು ಗ್ರೈಂಡರಿಗೂ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಅನ್ನುವ ಸರ್ಕಾರಿ ಗುರುತು, ಇದೆ ಅಂತಲೂ ಸೇರಿಸಿದೆ. ಅದನ್ನು ಓದಿದ ಒಬ್ಬ ಪುಣ್ಯಾತ್ಮನೂ ಸಿಕ್ಕಿಲ್ಲ. ಇಲ್ಲಿ ಯಾರೂ ಓದಲ್ಲ, ಫೋಟೋ ನೋಡ್ತಾರೆ. ಅದೂ ಗ್ರೈಂಡರ್ ಬಿಟ್ಟು ಉಳಿದದ್ದನ್ನ. ಮೊದಲ ದಿನ ಬಂದ ಹದಿನಾಲ್ಕು ಮೆಸೇಜಲ್ಲಿ ಒಂಬತ್ತು ಜನ ಕೇಳಿದ್ದು, "ಹಿಂದೆ ಇರೋ ಸ್ಟೀಲ್ ಡ್ರಮ್ ಕೊಡ್ತೀರಾ?" ಒಬ್ಬ ಮಾತ್ರ ಬೇರೆ ಕೇಳಿದ. "ಡ್ರಮ್ಮಲ್ಲಿ ಬನಿಯನ್ ಹಾಕ್ಕೊಂಡಿರೋ ಅಂಕಲ್ ಕಾಣ್ತಿದಾರೆ, ಅವರೇ ಓನರ್ರಾ?" ಝೂಮ್ ಮಾಡಿ ನೋಡಿದೆ. ಹೌದು, ನಾನೇ. ಫೋಟೋ ಬದಲಾಯಿಸುವಷ್ಟರಲ್ಲಿ ನೂರ ಹನ್ನೆರಡು ಜನ ನೋಡಿ ಆಗಿತ್ತು.

ಮೂರನೇ ದಿನ ಒಬ್ಬ ಸಿಕ್ಕ. ಬೆಲೆ ಇಳಿಸಿ ಅನ್ನಲಿಲ್ಲ. "ನಾನು ಸೈನ್ಯದಲ್ಲಿದೀನಿ ಸರ್. ಈಗಲೇ ಪೂರ್ತಿ ದುಡ್ಡು ಹಾಕ್ತೀನಿ, ನಮ್ಮ ಟ್ರಕ್ ಬಂದು ತಗೊಂಡು ಹೋಗುತ್ತೆ" ಅಂತ ಹಿಂದಿಯಲ್ಲಿ ಹೇಳಿ, ಯೂನಿಫಾರ್ಮ್ ಹಾಕಿದ ಫೋಟೋ ಕಳಿಸಿದ. ಗಡಿ ಕಾಯುವವರು ನಮ್ಮಮ್ಮನ ಗ್ರೈಂಡರಲ್ಲಿ ರುಬ್ಬಿದ ಇಡ್ಲಿ ತಿಂತಾರಲ್ಲ ಅಂತ ನನಗೆ ಕಣ್ಣು ಒದ್ದೆಯಾಯ್ತು. ಹಿಂದೆಯೇ ಒಂದು ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಗೆ ಬರುತ್ತೆ ಅಂದ. ಒತ್ತುವುದರಲ್ಲಿದ್ದೆ. ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು.

"ಚೌಕಾಸಿ ಮಾಡಿದ್ನಾ?"

"ಇಲ್ಲ."

"ಕಳ್ಳ. ಫೋನ್ ಕೆಳಗಿಡಿ."

ಯುಪಿಐ ಬಂದದ್ದು 2016ರಲ್ಲಿ. ದುಡ್ಡು ತಗೊಳ್ಳೋಕೆ ಪಿನ್ ಬೇಡ ಅಂತ ಅವತ್ತಿಂದ ಬ್ಯಾಂಕಿನವರು ಬಾಯಿ ಬಡಿದುಕೊಳ್ಳುತ್ತಿದ್ದಾರೆ. ನನಗೂ ಗೊತ್ತಿತ್ತು. ದೇಶಭಕ್ತಿಯ ಭರದಲ್ಲಿ ಮರೆತಿದ್ದೆ. ಅವಳು ಬರದೇ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ, ಗ್ರೈಂಡರ್ ಮಾರೋಕೆ ಹೋಗಿ ದುಡ್ಡು ಕೊಟ್ಟ ಕಥೆಯನ್ನು ನಾಚಿಕೊಂಡು ಹೇಳಬೇಕಿತ್ತು.

ಕೊಳ್ಳುವ ವಿಷಯದಲ್ಲೂ ನನ್ನ ಚರಿತ್ರೆ ಅಷ್ಟಕ್ಕಷ್ಟೇ. ಶುಂಠಿ ಜಜ್ಜೋಕೆ ಕಲ್ಲಿನ ಕುಟ್ಟಾಣಿ ತರಿಸಿದೆ. "ಇನ್ನು ಎರಡೇ ಉಳಿದಿವೆ" ಅಂತ ಕೆಂಪಕ್ಷರ ಇತ್ತು, ಅವಸರದಲ್ಲಿ ಒತ್ತಿದೆ. ಬಂದ ಕುಟ್ಟಾಣಿಯಲ್ಲಿ ಒಂದು ಏಲಕ್ಕಿ ಕೂರುತ್ತೆ. ಎರಡನೆಯದು ಹೊರಗೆ ಸರದಿ ಕಾಯಬೇಕು. ಅಳತೆ ಸೆಂಟಿಮೀಟರಲ್ಲಿತ್ತು, ನಾನು ಇಂಚು ಅಂದುಕೊಂಡಿದ್ದೆ. ತಪ್ಪು ನನ್ನದೇ, ಅದಕ್ಕೇ ಸಿಟ್ಟು ಜಾಸ್ತಿ. ಹದಿನೈದು ದಿನ ಬಿಟ್ಟು ನೋಡಿದರೂ ಅಲ್ಲಿ ಇನ್ನು ಎರಡೇ ಉಳಿದಿದ್ದವು. ಹೀಗೆ ಸುಳ್ಳು ಅವಸರ ಹುಟ್ಟಿಸುವುದೂ ಸೇರಿ 13 ಬಗೆಯ ಆಟಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ಪಟ್ಟಿ ಮಾಡಿ, ಇದೆಲ್ಲ ಕೂಡದು ಅಂತ ಹೇಳಿದೆ. ಕೆಂಪಕ್ಷರಕ್ಕೆ ಅದಿನ್ನೂ ಗೊತ್ತಾದ ಹಾಗಿಲ್ಲ.

ಆದರೆ ಉಪಕಾರ ಮರೆಯಬಾರದು. ನಮ್ಮ ಇಪ್ಪತ್ತು ವರ್ಷದ ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಹರಿದಾಗ ಎಸ್.ಪಿ. ರಸ್ತೆಯಿಂದ ಅವೆನ್ಯೂ ರಸ್ತೆವರೆಗೆ ಅಲೆದಿದ್ದೆ. ಎಲ್ಲರೂ ಮಿಕ್ಸಿಯ ವಯಸ್ಸು ಕೇಳಿ, ಅಯ್ಯೋ ಪಾಪ ಅನ್ನೋ ಹಾಗೆ ನನ್ನ ಮುಖ ನೋಡಿದರು. ಕೊನೆಗೆ ಗುಜರಾತಿನ ಯಾರೋ ಪುಣ್ಯವಂತ 89 ರೂಪಾಯಿಗೆ ನಾಲ್ಕೇ ದಿನದಲ್ಲಿ ಬಾಗಿಲಿಗೆ ಕಳಿಸಿಕೊಟ್ಟ. ಅವನು ಯಾರೋ, ಚೆನ್ನಾಗಿರಲಿ.

ಈಗ ವಿಡಿಯೋ ಮಹಾಶಯರ ವಿಷಯಕ್ಕೆ ಬರುತ್ತೇನೆ.

ಇವರು ಮೊದಲು ಕೇಳಿದ್ದು, "ಆನ್ ಆಗುತ್ತಾ ಸರ್? ಒಂದು ವಿಡಿಯೋ ಹಾಕಿ." ಹಾಕಿದೆ. "ಖಾಲಿ ತಿರುಗೋದು ಯಾರಿಗೆ ಬೇಕು ಸರ್, ಏನಾದ್ರೂ ಹಾಕಿ ತಿರುಗಿಸಿ." ನ್ಯಾಯವೇ. ಅಕ್ಕಿ, ಉದ್ದು ನೆನೆಹಾಕಿ, ಸಂಜೆ ಆಫೀಸಿಂದ ಬಂದು ರುಬ್ಬಿ, ಒಂದು ಕೈಯಲ್ಲಿ ನೀರು ಚಿಮುಕಿಸುತ್ತಾ ಇನ್ನೊಂದು ಕೈಯಲ್ಲಿ ಫೋನ್ ಹಿಡಿದೆ. "ಕತ್ತಲೆ ಇದೆ ಸರ್, ಬೆಳಕಲ್ಲಿ ತೆಗೀರಿ." ಮರುದಿನ ಬೆಳಿಗ್ಗೆ ಮತ್ತೆ ರುಬ್ಬಿದೆ. "ಉದ್ದು ಬೇರೆಯಾಗಿ ರುಬ್ಬಿ ಸರ್, ಎಷ್ಟು ಉಬ್ಬುತ್ತೆ ನೋಡ್ಬೇಕು." ಉಬ್ಬಿಸಿ ತೋರಿಸಿದೆ. "ಸೌಂಡ್ ಜಾಸ್ತಿ ಅಲ್ವಾ?" ಅದು ಗ್ರೈಂಡರ್ ಅಲ್ಲ ಮಾರಾಯ್ರೇ, ಪಕ್ಕದ ಸೈಟಲ್ಲಿ ಬೋರ್‌ವೆಲ್ ಕೊರೀತಿದಾರೆ ಅಂದೆ. "ಹಂಗಾದ್ರೆ ಬೋರ್ ನಿಂತ ಮೇಲೆ ಇನ್ನೊಂದು ಕಳಿಸಿ."

ಬೋರ್ ನಿಂತದ್ದು ಮೂರು ದಿನ ಬಿಟ್ಟು. ಅವರಿಗೂ ನೀರು ಸಿಗಲಿಲ್ಲ, ನನಗೂ ಗಿರಾಕಿ ಸಿಗಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಸೋಮವಾರ ದೋಸೆ, ಮಂಗಳವಾರ ಇಡ್ಲಿ, ಬುಧವಾರ ವಡೆ, ಗುರುವಾರ ಪಡ್ಡು, ಶುಕ್ರವಾರ ಹುಳಿ ಬಂದ ಹಿಟ್ಟಿಗೆ ಈರುಳ್ಳಿ ಹಾಕಿ ಮತ್ತೆ ದೋಸೆ. ಕೆಳಗಿನ ಮನೆಯವರಿಗೆ ಎರಡು ಡಬ್ಬಿ ಹಿಟ್ಟು ಕೊಟ್ಟೆವು. ಮೂರನೇ ಡಬ್ಬಿ ಹಿಡಿದುಕೊಂಡು ಇಳಿದಾಗ ಬಾಗಿಲು ತೆಗೆಯಲಿಲ್ಲ. ಶನಿವಾರ ಬೆಳಿಗ್ಗೆ ಮಗಳು ತಟ್ಟೆ ದೂಡಿ, "ಅಪ್ಪಾ, ನಂಗೆ ಉಪ್ಪಿಟ್ಟು ಬೇಕು" ಅಂತ ಅತ್ತಳು. ಉಪ್ಪಿಟ್ಟಿಗಾಗಿ ಅತ್ತ ಮಗುವನ್ನು ಈ ಕರ್ನಾಟಕ ಹಿಂದೆ ಕಂಡಿರಲಿಕ್ಕಿಲ್ಲ.

ಏಳು ವಿಡಿಯೋ ಆದ ಮೇಲೆ ಒಂದು ಭಾನುವಾರ ಮಹಾಶಯರು ಖುದ್ದಾಗಿ ಬಂದರು. ಜೊತೆಗೆ ಅವರ ಅತ್ತೆ. ಮೊಣಕಾಲು ಹಿಡಿದುಕೊಂಡು ಎರಡು ಮಹಡಿ ಹತ್ತಿ ಬಂದ ಆ ಹೆಂಗಸು ಫೋಟೋ, ವಿಡಿಯೋ ಒಂದನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಈರುಳ್ಳಿ ಬುಟ್ಟಿ ಇಳಿಸಿ, ಒಳಗೆ ಕೈ ಹಾಕಿ ರುಬ್ಬುಗುಂಡಿನ ಮೇಲೆ ಹೆಬ್ಬೆರಳು ಆಡಿಸಿದರು. "ಕಲ್ಲು ಇನ್ನೂ ನುಣ್ಣಗಾಗಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ತಾಯಿಯವರದಾ?"

"ಹೌದಮ್ಮ."

"ಇದ್ದಾರಾ?"

"ಇಲ್ಲ. ನಾಲ್ಕು ವರ್ಷ ಆಯ್ತು."

ಅವರು ಏನೂ ಹೇಳಲಿಲ್ಲ. ಗುಂಡಿನ ಮೇಲಿದ್ದ ಕೈ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಸರ್, ಎರಡೂವರೆಗೆ ಫೈನಲ್ ಮಾಡ್ತೀರಾ?" ಅಂದರು ಅಳಿಯ.

ಒಪ್ಪಿದೆ. ಇಳಿಸೋಕೆ ವಾಚ್‌ಮನ್ನನ್ನೂ ಕರೆದೆ. ಕೆಳಗೆ ಗಾಡಿ ಎಲ್ಲಿ ಅಂತ ಬಗ್ಗಿ ನೋಡಿದರೆ ಸ್ಕೂಟರ್! ಅತ್ತೆಯನ್ನು ಹಿಂದೆ ಕೂರಿಸಿಕೊಂಡು, ಗ್ರೈಂಡರನ್ನು ಕಾಲ ಹತ್ತಿರ ಇಟ್ಟುಕೊಂಡು ಹೋಗುವುದು ಅವರ ಪ್ಲಾನು. ಫೋಟೋದಲ್ಲಿ ಚಿಕ್ಕದಾಗಿ ಕಾಣ್ತಿತ್ತು ಸರ್ ಅಂದರು. ಏಳು ವಿಡಿಯೋ ಕಳಿಸಿದ್ದೇನೆ! ನಾಳೆ ಆಟೋ ತರ್ತೀನಿ ಅಂತ ಹೋದವರು ಹೋದರು. ನನ್ನ ಮೆಸೇಜಿಗೆಲ್ಲ ಎರಡು ನೀಲಿ ಗೆರೆ ಬಿದ್ದವು, ಉತ್ತರ ಬೀಳಲಿಲ್ಲ.

ಆ ಅಜ್ಜಿಯ ಹೆಬ್ಬೆರಳು ನೋಡಿದ ಮೇಲೆ ನಮ್ಮ ಬೀದಿಗೆ ಬರುತ್ತಿದ್ದ ಪಾತ್ರೆಯವಳು ನೆನಪಾಗುತ್ತಿದ್ದಾಳೆ. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವಳು. ತಲೆ ಮೇಲಿನ ಬುಟ್ಟಿ ಇಳಿಸಿ, ನಮ್ಮ ಮೆಟ್ಟಿಲ ಮೇಲೆ ಕೂತು, ಅಮ್ಮ ಕೊಟ್ಟ ಸೀರೆಯನ್ನು ಬಿಸಿಲಿಗೆ ಹಿಡಿದು ತೂತು ಎಣಿಸುತ್ತಿದ್ದಳು. ಅಮ್ಮ ಡಬ್ಬಿಯ ತಳ ಬಡಿದು ನೋಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಒಂದು ಚೂರೂ ನಂಬುತ್ತಿರಲಿಲ್ಲ, ನಡುವೆ ಕಾಫಿ ಮಾತ್ರ ಆಗುತ್ತಿತ್ತು. ಒಂದು ಸಲ ಮೂರು ಸೀರೆಗೆ ಡಬ್ಬಿ ಕೊಟ್ಟು, ಮುಚ್ಚಳ ಬೇಕಾದ್ರೆ ಇನ್ನೊಂದು ಪ್ಯಾಂಟ್ ಹಾಕಿ ಅಂದಳು. ಅಮ್ಮ ಒಳಗೆ ಹೋಗಿ ತಂದುಕೊಟ್ಟಳು. ಅಪ್ಪ ಮರುದಿನ ಬ್ಯಾಂಕಿಗೆ ಹಾಕಿಕೊಂಡು ಹೋಗಬೇಕಿದ್ದ ಪ್ಯಾಂಟು ಅದು. ಆ ಡಬ್ಬಿಯಲ್ಲಿ ಈಗಲೂ ಸಾರಿನ ಪುಡಿ ಇದೆ. ಮುಚ್ಚಳ ಗಟ್ಟಿ ಕೂರುತ್ತೆ.

ಅಂದ ಹಾಗೆ, ನಿನ್ನೆ ರಾತ್ರಿ "ಇದೆಯಾ?" ಅಂತ ಕೇಳಿದ್ದು ಅದೇ ವಿಡಿಯೋ ಮಹಾಶಯರು. ನಮ್ಮ ಹಳೇ ಮಾತುಕತೆ ಎಲ್ಲಾ ಮೇಲೆ ಹಾಗೇ ಇದೆ, ಏಳು ವಿಡಿಯೋ ಸಮೇತ.

"ಇದೆ" ಅಂತ ಕಳಿಸಿದೆ. ಆ ಕಡೆ ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಶುರುವಾಯಿತು. ಏನು ಕೇಳ್ತಾರೆ ಅಂತ ಕಾಯಲಿಲ್ಲ. ಹೆಂಡತಿಗೆ ಎಚ್ಚರ ಆಗದ ಹಾಗೆ ಎದ್ದು ಅಡುಗೆಮನೆಗೆ ಹೋಗಿ, ಒಂದು ಪಾವು ಉದ್ದು ನೆನೆಹಾಕಿ ಬಂದು ಮಲಗಿದೆ.