ಸತ್ಯಾಂಶ: ಶೇ 50 ದಾಟದ ಗಾರ್ಡ್ ಕಳಪೆ ಶೂಟರ್ ಅಲ್ಲ

ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಸೀಸನ್ ಬಂದಾಗಲೆಲ್ಲ ಒಂದು ಮೆಸೇಜ್ ಓಡಾಡುತ್ತದೆ: ಎಸೆದದ್ದರಲ್ಲಿ ಅರ್ಧದಷ್ಟನ್ನೂ ಬುಟ್ಟಿಗೆ ಹಾಕದ ಗಾರ್ಡ್ (ಚೆಂಡನ್ನು ಮುನ್ನಡೆಸುವ, ಹೆಚ್ಚಾಗಿ ಬುಟ್ಟಿಯಿಂದ ದೂರ ಆಡುವ ಆಟಗಾರ್ತಿ) ತಂಡಕ್ಕೆ ಹೊರೆ ಎಂದು. ಇದು ತಪ್ಪು.

ಶೇ 50 ಎಂಬುದು ಬುಟ್ಟಿಯ ಕೆಳಗೇ ಆಡುವ ಎತ್ತರದ ಆಟಗಾರ್ತಿಯರಿಗೆ ಒಪ್ಪುವ ಅಳತೆ. ಗಾರ್ಡ್ ಎಸೆಯುವುದು ಹೆಚ್ಚಾಗಿ ದೂರದಿಂದ. 2021-22ರಿಂದ ಅಲ್ಲಿನ ಮೂರು ಪಾಯಿಂಟ್ ಗೆರೆ (ಇದರಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಪಾಯಿಂಟ್) 22 ಅಡಿ 1¾ ಅಂಗುಲಕ್ಕೆ ಹಿಂದೆ ಸರಿದಿದೆ. ಮೊದಲು 20 ಅಡಿ 9 ಅಂಗುಲ ಇತ್ತು. ಎಸೆಯಲು ತಂಡಕ್ಕಿರುವ 30 ಸೆಕೆಂಡಿನ ಗಡುವು (ಶಾಟ್ ಕ್ಲಾಕ್) ಮುಗಿಯುತ್ತ ಬಂದಾಗ, ಎದುರಾಳಿ ಮೈಮೇಲೇ ಇದ್ದರೂ ಎಸೆಯಬೇಕಾಗಿ ಬರುವುದು ಹೆಚ್ಚಾಗಿ ಅವಳಿಗೇ.

ನೀವೇ ಲೆಕ್ಕ ಹಾಕಿ ನೋಡಿ. ಮೂರರ ಬುಟ್ಟಿಯ ಬೆಲೆ ಎರಡರದಕ್ಕಿಂತ ಅರ್ಧದಷ್ಟು ಹೆಚ್ಚು. ಸ್ಕೋರ್ ಪಟ್ಟಿಯಲ್ಲಿ ಬಿದ್ದ ಒಟ್ಟು ಬುಟ್ಟಿಗಳಿಗೆ, ಮೂರು ಪಾಯಿಂಟ್ ಬುಟ್ಟಿಗಳ ಅರ್ಧವನ್ನು ಕೂಡಿಸಿ, ಒಟ್ಟು ಎಸೆತಗಳಿಂದ ಭಾಗಿಸಿ. 15 ಎಸೆತಕ್ಕೆ 6 ಬುಟ್ಟಿ, ಅದರಲ್ಲಿ 4 ಮೂರರವು ಎಂದುಕೊಳ್ಳಿ. ಬರಿಗಣ್ಣಿಗೆ ಶೇ 40. ಆದರೆ 6ಕ್ಕೆ 2 ಸೇರಿ 8, ಅದನ್ನು 15ರಿಂದ ಭಾಗಿಸಿದರೆ ಶೇ 53.3. ಪಾಯಿಂಟ್ 16. ಅಷ್ಟೇ ಎಸೆತಗಳಲ್ಲಿ ಎರಡರ ಬುಟ್ಟಿ 7 ಹಾಕಿದವಳದು ಶೇ 46.7, ಪಾಯಿಂಟ್ ಮಾತ್ರ 14!

ಇಲ್ಲಿ ಹಲವರು ಎಡವುವುದು ಒಂದೇ ಕಡೆ. ಒಟ್ಟು ಬುಟ್ಟಿಗಳಲ್ಲಿ ಮೂರರವು ಆಗಲೇ ಸೇರಿರುತ್ತವೆ. ಮತ್ತೆ ಪೂರ್ತಿಯಾಗಿ ಕೂಡಿಸಬಾರದು. ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಈ ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಪಂದ್ಯದ ಅಂಕಿಯನ್ನೂ ನಂಬಬೇಡಿ. ಐದೇ ಎಸೆತಗಳಿದ್ದರೆ ಒಂದು ಬುಟ್ಟಿಗೆ ಶೇಕಡಾವಾರು 20ರಷ್ಟು ಜಿಗಿಯುತ್ತದೆ. ಇಡೀ ಸೀಸನ್ನಿನ ಅಂಕಿಗಳನ್ನು ತೆಗೆದುಕೊಂಡು, ಗಾರ್ಡನ್ನು ಗಾರ್ಡ್ ಜೊತೆಗೇ ಹೋಲಿಸಿ.