ನಾನು ನಿಮ್ಮ ವಕೀಲ ಅಲ್ಲ

‘ಸೈಟ್ ಕ್ಲಿಯರೆನ್ಸ್, ಇತರೆ ಖರ್ಚು’. ವೋಚರ್ ಮೇಲೆ ಇಷ್ಟೇ ಇತ್ತು. ಮೊತ್ತ 1,80,000. ಕೆಳಗೆ ಒಂದು ಸಹಿ. ಇದು ಲಂಚದ ದುಡ್ಡಾ ಅಂತ ಕಂಪನಿ ಒಳಗೇ ತನಿಖೆ ನಡೆಸುತ್ತಿತ್ತು. ನಾನು ಕಂಪನಿ ಕಡೆಯ ವಕೀಲ.

ಸಹಿ ಹಾಕಿದವರು ಮೇಜಿನ ಆ ಕಡೆ ಕೂತಿದ್ದರು. ಐವತ್ತು ದಾಟಿದ ಅಕೌಂಟ್ಸ್ ಮನುಷ್ಯ, ಹಾಸನದ ಕಡೆಯವರು, ಜೇಬಲ್ಲಿ ಎರಡು ಪೆನ್ನು. (ಊರು, ಮೊತ್ತ ಎಲ್ಲ ಬದಲಾಯಿಸಿದ್ದೇನೆ. ಕಕ್ಷಿದಾರರ ಗುಟ್ಟು ಫೇಸ್‌ಬುಕ್‌ಗಲ್ಲ.) ಪರದೆಯ ಮೇಲೆ ಅಮೆರಿಕದ ಹೆಡ್ಡಾಫೀಸಿನ ವಕೀಲೆ. ಆಕೆ ಒಂದು ಹಾಳೆ ಹಿಡಿದು ಇಂಗ್ಲಿಷಿನಲ್ಲಿ ಪಟಪಟ ಓದಿದರು. ಇವರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಬಾಗಿ, “ಸರ್, ನೀವು ನಮ್ಮೋರು. ಏನ್ ಹೇಳ್ಬೇಕು ಅಂತ ನೀವೇ ಹೇಳಿ” ಅಂದರು.

ಆಕೆ ಓದಿದ ಹಾಳೆಯಲ್ಲಿ ಇದ್ದದ್ದು ಇಷ್ಟು: ನಾವು ಕಂಪನಿಯ ವಕೀಲರು, ನಿಮ್ಮವರಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕೋ, ಸರ್ಕಾರಕ್ಕೆ ಕೊಡಬೇಕೋ, ಅದು ಕಂಪನಿಗೆ ಬಿಟ್ಟದ್ದು. ಇದಕ್ಕೆ ಅಪ್‌ಜಾನ್ ವಾರ್ನಿಂಗ್ ಅನ್ನುತ್ತಾರೆ. ಅಪ್‌ಜಾನ್ ಅನ್ನೋದು ಅಮೆರಿಕದ ಔಷಧ ಕಂಪನಿ ಆಗಿತ್ತು. ಹೊರದೇಶದ ಅಧಿಕಾರಿಗಳಿಗೆ ದುಡ್ಡು ಹೋಗಿದೆ ಅನ್ನುವ ಅನುಮಾನ ಬಂದಾಗ ಅದರ ವಕೀಲರು ಸಿಬ್ಬಂದಿಯನ್ನು ವಿಚಾರಿಸಿದ್ದರು. ಆ ಮಾತಿಗೆ ವಕೀಲ-ಕಕ್ಷಿದಾರರ ಗುಟ್ಟಿನ ರಕ್ಷಣೆ ಇದೆ ಅಂತ 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಬೀಗ ಏನೋ ಸಿಕ್ಕಿತು. ಬೀಗದ ಕೈ ಮಾತ್ರ ಕಂಪನಿ ಹತ್ತಿರ.

ಮೊದಲ ಎಂಟು ವರ್ಷ ನಾನು ಮೇಯೋಹಾಲ್, ಸಿಟಿ ಸಿವಿಲ್ ಕೋರ್ಟ್ ಅಂತ ಓಡಾಡಿದ ಕ್ರಿಮಿನಲ್ ವಕೀಲ. ಕಕ್ಷಿದಾರ ಬಂದ ಕೂಡಲೇ ಹೇಳುತ್ತಿದ್ದದ್ದು ‘ಬಾಯಿ ಮುಚ್ಕೊಂಡಿರಿ’. ಈಗ ಎಸಿ ರೂಮಿನಲ್ಲಿ ಕೂತು ‘ಎಲ್ಲಾ ಹೇಳಿ’ ಅನ್ನುವ ಕೆಲಸ. ಸಂಪಾದನೆ ಜಾಸ್ತಿ, ನಿದ್ದೆ ಕಡಿಮೆ.

ಯಾಕೆಂದರೆ ಇಲ್ಲಿ ಕಂಪನಿಯ ಹಿತ ಬೇರೆ, ಆ ಮನುಷ್ಯನ ಹಿತ ಬೇರೆ. ಅಮೆರಿಕದ ಐಟಿ ಕಂಪನಿ ಕಾಗ್ನಿಜೆಂಟ್ ಕೇಸು ನೋಡಿ. ಚೆನ್ನೈ ಕ್ಯಾಂಪಸ್ಸಿನ ಪರವಾನಗಿಗೆ ಲಂಚ ಹೋಗಿದೆ ಅಂತ ಕಂಪನಿ ತಾನೇ ಹೋಗಿ ಅಮೆರಿಕ ಸರ್ಕಾರಕ್ಕೆ ಹೇಳಿಕೊಂಡಿತು. 2019ರಲ್ಲಿ ಸುಮಾರು 2.5 ಕೋಟಿ ಡಾಲರ್ ಕಟ್ಟಿತು. ಕಂಪನಿ ಮೇಲೆ ಕ್ರಿಮಿನಲ್ ಕೇಸು ಬರಲಿಲ್ಲ. ಬಂದದ್ದು ಇಬ್ಬರು ಮಾಜಿ ಅಧಿಕಾರಿಗಳ ಮೇಲೆ. ಹೊರದೇಶದಲ್ಲಿ ಲಂಚ ಕೊಡೋದನ್ನು ತಡೆಯುವ ಅಮೆರಿಕದ ಕಾನೂನಿನ ಜಾರಿಗೇ ಟ್ರಂಪ್ ಸರ್ಕಾರ ತಾತ್ಕಾಲಿಕ ಬ್ರೇಕ್ ಹಾಕಿದ ಮೇಲೆ, 2025ರಲ್ಲಿ, ಅದೂ ವಜಾ ಆಯಿತು. ಅಂಥ ದೊಡ್ಡವರಿಗೆ ಆರು ವರ್ಷ ಕೋರ್ಟಿನಲ್ಲಿ ನಿಲ್ಲುವ ತಾಕತ್ತಿರುತ್ತದೆ. ವೋಚರಿಗೆ ಸಹಿ ಹಾಕಿದವರಿಗೆ?

“ಬಾಸ್ ಹೇಳಿದ್ರು, ಹಾಕ್ದೆ” ಅಂದರು ಇವರು. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂತು. ಲಂಚ ಕೊಟ್ಟವನಿಗೂ ಈಗ ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, ಆಗ ಮಾತ್ರ ಬಚಾವ್. ಈ ವೋಚರಿಗೆ ಎರಡು ವರ್ಷ ಆಗಿತ್ತು. ಏಳು ದಿನದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆದರೆ ಕಂಪನಿಯ ಕಂಪ್ಲಯನ್ಸ್ (ಕಾನೂನು ಪಾಲನೆ) ಟ್ರೈನಿಂಗ್ ಕ್ವಿಜ್‌ನಲ್ಲಿ ನೂರಕ್ಕೆ ನೂರು! ಮಗಳು ಮಾಡಿಕೊಟ್ಟಳಂತೆ.

ನಾನು ಕನ್ನಡದಲ್ಲಿ ಹೇಳಿದೆ: “ನೋಡಿ, ನಾನು ನಿಮ್ಮ ವಕೀಲ ಅಲ್ಲ.”

ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದರು. “ಹಾಗಾದ್ರೆ ನನ್ನ ವಕೀಲ ಯಾರು?”

ಇಲ್ಲೇ ನನ್ನ ತಕರಾರು. ಹೊರಗಿನ ವಕೀಲರಿಗೆ, ಆಡಿಟರಿಗೆ ಗಂಟೆ ಲೆಕ್ಕದಲ್ಲಿ ಸುರಿಯುವ ಕಂಪನಿ, ವಿಚಾರಣೆಗೆ ಕರೆದ ನೌಕರನಿಗೆ ಬೇರೆ ವಕೀಲನನ್ನು ತನ್ನ ಖರ್ಚಿನಲ್ಲಿ ಕೊಡಬೇಕು. ಎಚ್ಚರಿಕೆಯನ್ನೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಅರ್ಥವಾಗದವನು ತಲೆಯಾಡಿಸಿದರೆ ಅದು ಒಪ್ಪಿಗೆ ಅಲ್ಲ, ಮರ್ಯಾದೆ. ‘ವಕೀಲ ಬಂದರೆ ಅವನು ಬಾಯೇ ಬಿಡಲ್ಲ, ತನಿಖೆ ಕೆಡುತ್ತೆ’ ಅನ್ನುತ್ತಾರೆ ನನ್ನ ಸಹೋದ್ಯೋಗಿಗಳು. ಕೆಲವು ಸಲ ನಿಜವೇ. ನಾನೇ ಹಾಗೆ ಬಾಯಿ ಮುಚ್ಚಿಸುತ್ತಿದ್ದವನು, ಅಲ್ವಾ?

ಆವತ್ತು ಅಲ್ಲಿಗೇ ನಿಲ್ಲಿಸಿದೆ. ಅಮೆರಿಕದ ವಕೀಲೆಗೆ ಸಿಟ್ಟು ಬಂತು. ವಾರದ ನಂತರ ಆ ಅಕೌಂಟ್ಸ್ ಮನುಷ್ಯ ತಮ್ಮದೇ ವಕೀಲರ ಜೊತೆ ಬಂದರು. ಬಾಸ್ ಕಳಿಸಿದ್ದ ಮೂರು ವಾಟ್ಸಾಪ್ ಮೆಸೇಜ್ ತೋರಿಸಿದ್ದು ಆಗಲೇ. ಮೊದಲ ದಿನ ಅವು ಅವರ ಜೇಬಿನಲ್ಲೇ ಇದ್ದವು.

ಬಹಳ ಕಾಡಿಸಿ ಆ ವಕೀಲರ ಫೀಸನ್ನು ಕಂಪನಿಯಿಂದಲೇ ಒಪ್ಪಿಸಿದೆ. ಮೊನ್ನೆ ಅಲ್ಲಿನ ಫೈನಾನ್ಸ್ ಹುಡುಗ ಫೋನ್ ಮಾಡಿದ್ದ. “ಸರ್, ಇದನ್ನ ಯಾವ ಹೆಡ್ಡಲ್ಲಿ ಹಾಕ್ಲಿ?”

“ಎಲ್ಲಾದರೂ ಹಾಕಪ್ಪಾ, ‘ಇತರೆ ಖರ್ಚು’ ಅಂತ ಮಾತ್ರ ಬೇಡ” ಅಂದೆ.